ಬೀಡಿನ ಹಂಚಿನ ಮೇಲೆ ರಸಭರಿತ ಮಟನ್ ಚಾಪ್ಸ್: ಭಾನುವಾರ ತಂದು ಬುಧವಾರ ಮಾಡುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಖಂಡದ ಊಟ ಅಂದ ಕೂಡಲೇ ಸಾವಜಿ ನೆನಪಾಗುತ್ತದೆ. ಕೆಂಪು ರಸ್ಸಾ, ಮೇಲೆ ತೇಲುವ ಎಣ್ಣೆ, ಪಕ್ಕದಲ್ಲಿ ಜೋಳದ ರೊಟ್ಟಿ. ಆ ಅಡುಗೆಯಲ್ಲಿ ಖಂಡ ನಿಧಾನವಾಗಿ ಕುದಿಯುತ್ತದೆ. ಎಷ್ಟೇ ಗಟ್ಟಿ ಇದ್ದರೂ ಕೊನೆಗೆ ಮೆತ್ತಗಾಗುತ್ತದೆ. ಆದರೆ ಬರೀ ಉಪ್ಪು ಹಚ್ಚಿ, ಕಾದ ಹಂಚಿನ ಮೇಲೆ ಹತ್ತು ನಿಮಿಷದೊಳಗೆ ಒಂದು ದಪ್ಪ ತುಂಡು ಬೇಯಿಸಬೇಕು, ಹೊರಗೆ ಕಂದು ಬಣ್ಣದ ಗರಿ ಪದರ ಬರಬೇಕು, ಕೊಯ್ದರೆ ಒಳಗಿಂದ ರಸ ಒಸರಬೇಕು ಅಂದರೆ ಲೆಕ್ಕವೇ ಬೇರೆ.

ಹೊರದೇಶಗಳಲ್ಲಿ ಇದನ್ನೇ ಸ್ಟೇಕ್ ಅನ್ನುತ್ತಾರೆ. ಅಲ್ಲಿ ಹೆಚ್ಚಾಗಿ ಬಳಸುವುದು ದನದ ಮಾಂಸ. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಆಕಳು, ಎತ್ತು, ಹೋರಿ, ಕರುಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ ಇದೆ. ಅಷ್ಟು ವಯಸ್ಸಾದ ಖಂಡ ಕುದಿಸುವುದಕ್ಕೆ ಸರಿ, ಹಂಚಿಗೆ ಆಗಿಬರುವುದಿಲ್ಲ. ಹಾಗಾಗಿ ನಾನು ಇದನ್ನು ಕುರಿಯ ಎಲುಬು ಸಮೇತದ ಬೆನ್ನಿನ ತುಂಡು, ಅಂದರೆ ಚಾಪ್ಸ್‌ನಲ್ಲೇ ಕಲಿತೆ. ಮಾಡುವ ಕ್ರಮ ಒಂದೇ.

ಮೊದಲ ಸಲ ಮಾಡಿದ್ದು ಒಂದು ಭಾನುವಾರ. ಬೆಳಗ್ಗೆ ಎಂಟಕ್ಕೆ ಖಂಡ ತಂದೆ, ತೊಳೆದೆ, ಮಧ್ಯಾಹ್ನ ಹನ್ನೆರಡಕ್ಕೆ ಹಂಚಿಗೆ ಹಾಕಿದೆ. ಆರು ತುಂಡು ಒಟ್ಟಿಗೆ. ಎರಡು ನಿಮಿಷದಲ್ಲಿ ಹಂಚಿನ ತುಂಬ ನೀರು. ಚುರ್ ಅನ್ನುವ ಸದ್ದು ನಿಂತು ಬುಳುಬುಳು ಕುದಿಯುವ ಸದ್ದು ಶುರುವಾಯಿತು. ಖಂಡ ಬೂದಿ ಬಣ್ಣಕ್ಕೆ ತಿರುಗಿತು. ನೀರು ಇಂಗುವ ತನಕ ಕಾದೆ. ಅಷ್ಟರಲ್ಲಿ ತುಂಡುಗಳು ಅರ್ಧಕ್ಕೆ ಕುಗ್ಗಿ ಚಪ್ಪಲಿ ತೊಗಲಿನಂತೆ ಆಗಿದ್ದವು. ಅವ್ವ ಒಂದು ಮಾತೂ ಆಡದೆ ಎಲ್ಲವನ್ನೂ ಕುಕ್ಕರಿಗೆ ಹಾಕಿ, ಉಳ್ಳಾಗಡ್ಡಿ ಮಸಾಲೆ ಅರೆದು ಸಾರು ಮಾಡಿದಳು. ಸಾರು ಚೆನ್ನಾಗಿತ್ತು. ಚಾಪ್ಸ್ ಆಸೆ ಹಾಗೇ ಉಳಿಯಿತು.

ಆಮೇಲೆ ತಿಂಗಳುಗಟ್ಟಲೆ ಮಾಡಿ ಮಾಡಿ ಗೊತ್ತಾಗಿದ್ದು ಇಷ್ಟು. ಇದು ಪೂರಾ ನೀರಿನ ಆಟ. ಹಸಿ ಖಂಡದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಹೊರಮೈಯ ನೀರು ಪೂರ್ತಿ ಹೋಗಬೇಕು, ಒಳಗಿನ ನೀರು ಆದಷ್ಟು ಉಳಿಯಬೇಕು. ಮುಂದೆ ಬರೆಯುವ ಪ್ರತಿ ಕೆಲಸವೂ ಈ ಎರಡರಲ್ಲಿ ಒಂದಕ್ಕಾಗಿ. ಯಾವುದು ಯಾಕೆ ಅಂತ ಗೊತ್ತಿದ್ದರೆ ನಿಮ್ಮ ಮನೆಯ ಒಲೆ, ನಿಮ್ಮ ಹಂಚಿಗೆ ತಕ್ಕಂತೆ ನೀವೇ ಬದಲಾಯಿಸಿಕೊಳ್ಳಬಹುದು.

ಅಂಗಡಿಯಲ್ಲಿ ಏನು ಕೇಳಬೇಕು

ಅರ್ಧ ಕೆಲಸ ಮಟನ್ ಅಂಗಡಿಯಲ್ಲೇ ಮುಗಿಯುತ್ತದೆ. ನಮ್ಮ ಕಡೆ ಖಂಡ ಕಡಿಯುವವರ ಕೈ ಸಾರಿಗೆ ಪಳಗಿದ ಕೈ. ನೀವು "ಒಂದ್ ಕೇಜಿ ಕೊಡ್ರಿ" ಅನ್ನುವಷ್ಟರಲ್ಲಿ ಕತ್ತಿ ಹುಣಸೆ ಕೊರಡಿನ ಮೇಲೆ ನಾಲ್ಕು ಸಲ ಬಿದ್ದಿರುತ್ತದೆ, ತುಂಡುಗಳು ನೆಲ್ಲಿಕಾಯಿ ಗಾತ್ರ ಆಗಿರುತ್ತವೆ. ಹಾಗಾಗಿ ಕತ್ತಿ ಎತ್ತುವ ಮುಂಚೆಯೇ ಹೇಳಬೇಕು.

ನಾನು ಹೇಳುವುದು ಹೀಗೆ: "ಅಣ್ಣಾರ, ಬೆನ್ನಿನ ಕಡೀದು ಚಾಪ್ಸ್ ಬೇಕ್ರಿ. ಎರಡೆರಡು ಎಲುಬು ಕೂಡಿ ಒಂದ್ ತುಂಡ ಮಾಡ್ರಿ. ಸಣ್ಣ ಮಾಡಬ್ಯಾಡ್ರಿ, ಚರಬಿ ತಗೀಬ್ಯಾಡ್ರಿ." ಮೊದಲ ಸಲ ಅವರು ತಲೆ ಎತ್ತಿ ನೋಡಿದರು. "ಇಷ್ಟ್ ದಪ್ಪ ಇದ್ರ ಬೇಯೂದಿಲ್ರಿ" ಅಂದರು. ಈಗ ನನ್ನ ಮುಖ ಕಂಡ ಕೂಡಲೇ "ಜೋಡ ಎಲುಬಿಂದ ಅಲ್ಲೇನ್ರಿ?" ಅಂತ ಅವರೇ ಕೇಳುತ್ತಾರೆ.

ಎರಡು ಎಲುಬು ಯಾಕೆ ಅಂದರೆ ದಪ್ಪಕ್ಕಾಗಿ. ನಮ್ಮ ಕುರಿಗಳು ಗಾತ್ರದಲ್ಲಿ ಸಣ್ಣವು. ಒಂದೊಂದೇ ಎಲುಬಿಗೆ ಕೊಯ್ದರೆ ತುಂಡು ಒಂದೂವರೆ ಸೆಂಟಿಮೀಟರ್ ಬರುವುದೂ ಕಷ್ಟ. ಅಷ್ಟು ತೆಳ್ಳಗಿದ್ದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಪೂರ್ತಿ ಬೆಂದು ಒಣಗಿರುತ್ತದೆ. 3 ಸೆಂಟಿಮೀಟರ್ ದಪ್ಪ ಇದ್ದರೆ ಹೊರಗೂ ಒಳಗೂ ಬೇರೆ ಬೇರೆಯಾಗಿ ಬೇಯುವುದಕ್ಕೆ ಜಾಗ ಸಿಗುತ್ತದೆ. ತೆಳ್ಳಗಿನ ಚಾಪ್ಸ್ ಮಾತ್ರ ಸಿಕ್ಕರೆ ಈ ವಿಧಾನ ಬಿಟ್ಟು ಸುಕ್ಕಾ ಮಾಡಿಕೊಳ್ಳಿ, ಅದೇ ರುಚಿ.

ಎರಡನೆಯದು ಕುರಿಯ ವಯಸ್ಸು. ಸಾರಿಗೆ ಬಲಿತ ಟಗರು ರುಚಿ, ಹಂಚಿಗೆ ಎಳೆ ಮರಿಯೇ ಆಗಬೇಕು. ಕುರಿಗೆ ಹಾಲು ಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬರುವುದು ಸುಮಾರು ಒಂದರಿಂದ ಒಂದೂವರೆ ವರ್ಷಕ್ಕೆ. ಅದಕ್ಕೇ ಕುರಿ ಸಾಕುವವರು "ಎರಡು ಹಲ್ಲಿಂದು", "ನಾಲ್ಕು ಹಲ್ಲಿಂದು" ಅಂತ ವಯಸ್ಸು ಹೇಳುತ್ತಾರೆ. ಇನ್ನೂ ಹಲ್ಲು ಮಾಡದ ಮರಿ ನಮಗೆ ಒಳ್ಳೆಯದು. ಹಲ್ಲು ನೋಡಲು ಆಗದಿದ್ದರೆ ಖಂಡದ ಬಣ್ಣ, ಚರಬಿಯ ಬಣ್ಣ ನೋಡಿ. ಎಳೆಯದಾದರೆ ಖಂಡ ತಿಳಿಗೆಂಪು, ಚರಬಿ ಬಿಳಿ. ಬಲಿತದ್ದಾದರೆ ಖಂಡ ಗಾಢ ಕೆಂಪು, ಚರಬಿಗೆ ಹಳದಿ ಛಾಯೆ. ಗದಗ, ಹಾವೇರಿ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಮೇಯ್ದ ಕುರಿಗಳು ಜಾಸ್ತಿ. ದಿನಾ ಮೈಲಿಗಟ್ಟಲೆ ನಡೆಯುತ್ತವೆ. ಕಾಲಿನ ಖಂಡ ಗಟ್ಟಿ, ಅದರಲ್ಲಿ ಒಳ್ಳೆಯ ರುಚಿ ಇದೆ, ಆದರೆ ಅದು ಸಾರಿಗೆ ಇರಲಿ. ನಡೆಯುವಾಗ ಹೆಚ್ಚು ದುಡಿಯದ ಬೆನ್ನಿನ ಭಾಗ ಹಂಚಿಗೆ.

ನಾಲ್ಕು ಜನಕ್ಕೆ ಜೋಡಿ ಎಲುಬಿನ ಎಂಟು ಚಾಪ್ಸ್, ಎಲುಬು ಸೇರಿ ಸುಮಾರು ಒಂದು ಕಿಲೋ ಸಾಕು.

ಮೂರು ದಿನ ಕಾಯುವುದು

ಇದನ್ನು ಹೇಳಿದರೆ ಜನ ಒಪ್ಪುವುದಿಲ್ಲ. "ತಾಜಾ ಖಂಡ ಬಿಟ್ಟು ಫ್ರಿಜ್ಜಿನಲ್ಲಿಟ್ಟು ತಿನ್ನೋದಾ?" ಅಂತ ಕೇಳುತ್ತಾರೆ. ಕಣ್ಣ ಮುಂದೆ ಕಡಿದದ್ದನ್ನು ತಂದು ಅವತ್ತೇ ಮಾಡುವುದು ನಮ್ಮ ರೂಢಿ. ಸಾರಿಗೆ ಅದು ತಪ್ಪಲ್ಲ. ಚಾಪ್ಸ್‌ಗೆ ಮಾತ್ರ ಅದೇ ದೊಡ್ಡ ಶತ್ರು.

ಪ್ರಾಣಿ ಸತ್ತ ಕೆಲವೇ ಗಂಟೆಗಳಲ್ಲಿ ಅದರ ಮೈ ಸೆಟೆಯುತ್ತದೆ. ಖಂಡದ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡು ಸಡಿಲವಾಗದೆ ಉಳಿಯುತ್ತವೆ. ಬೆಳಗ್ಗೆ ಕಡಿದ ಕುರಿಯ ಖಂಡ ಮಧ್ಯಾಹ್ನದ ಹೊತ್ತಿಗೆ ಇದೇ ಸ್ಥಿತಿಯಲ್ಲಿರುತ್ತದೆ. ಆಗ ಹಂಚಿಗೆ ಹಾಕಿದರೆ ಬಿಸಿಗೆ ಇನ್ನಷ್ಟು ಬಿಗಿಯಾಗಿ ನೀರೆಲ್ಲ ಹಿಂಡಿ ಹೊರಗೆ ಹಾಕುತ್ತದೆ. ನನ್ನ ಮೊದಲ ಭಾನುವಾರ ಆದದ್ದು ಇದೇ. ತಣ್ಣಗೆ ಒಂದೆರಡು ದಿನ ಇಟ್ಟರೆ ಖಂಡದಲ್ಲೇ ಇರುವ ಕಿಣ್ವಗಳು ಆ ಎಳೆಗಳನ್ನು ಮೆಲ್ಲಗೆ ಬಿಡಿಸುತ್ತವೆ. ಬೆರಳಿನಿಂದ ಒತ್ತಿದರೆ ಗೊತ್ತಾಗುತ್ತದೆ. ಮೊದಲ ದಿನ ರಬ್ಬರಿನಂತೆ ಪುಟಿಯುತ್ತಿದ್ದದ್ದು ಮೂರನೇ ದಿನ ಬೆರಳಿನ ಗುರುತನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ.

ನಮ್ಮ ಮನೆಯಲ್ಲಿ ಸೋಮವಾರ ಖಂಡ ಮಾಡುವುದಿಲ್ಲ, ಮಂಗಳವಾರವೂ ಇಲ್ಲ. ಹಾಗಾಗಿ ಭಾನುವಾರ ತಂದದ್ದು ಬುಧವಾರ ಸಂಜೆಗೆ ಬರುತ್ತದೆ. ವಾರದ ನಿಯಮವೇ ಚಾಪ್ಸ್‌ಗೆ ಅನುಕೂಲ ಮಾಡಿಕೊಟ್ಟಿದೆ. ಮೂರು ದಿನಕ್ಕಿಂತ ಜಾಸ್ತಿ ಮನೆಯ ಫ್ರಿಜ್ಜಿನಲ್ಲಿ ಇಡಬೇಡಿ. ಫ್ರಿಜ್ಜು 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಕರೆಂಟು ತಾಸುಗಟ್ಟಲೆ ಹೋಗುವ ಊರಿನಲ್ಲಿದ್ದರೆ ಒಂದೇ ದಿನಕ್ಕೆ ಮುಗಿಸಿ. ಒಂದು ರಾತ್ರಿ ಇಟ್ಟರೂ ವ್ಯತ್ಯಾಸ ಕಾಣುತ್ತದೆ. ಹುಳಿ ವಾಸನೆ ಬಂದರೆ, ಮುಟ್ಟಿದರೆ ಲೋಳೆ ಅನ್ನಿಸಿದರೆ ಯೋಚನೆ ಮಾಡದೆ ಬಿಸಾಕಿ.

ಪರಂಗಿಕಾಯಿ ಹಚ್ಚಿ ಬೇಗ ಮೆತ್ತಗೆ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಮಾಡಬಹುದು. ಆದರೆ ಅದು ಮೇಲ್ಮೈಯನ್ನು ಮಾತ್ರ ಕರಗಿಸುತ್ತದೆ, ಒಳಗೆ ಇಳಿಯುವುದಿಲ್ಲ. ಹೊತ್ತು ಹೆಚ್ಚಾದರೆ ಹೊರಪದರ ಹಿಟ್ಟಿನಂತಾಗಿ ಬಣ್ಣವೂ ಸರಿಯಾಗಿ ಬರುವುದಿಲ್ಲ. ನಾನು ಬಿಟ್ಟುಬಿಟ್ಟೆ.

ತೊಳೆಯುವುದು, ಒರೆಸುವುದು, ಉಪ್ಪು

ಖಂಡ ತೊಳೆಯದೆ ಬೇಯಿಸಿ ಅಂದರೆ ನಮ್ಮ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ನಿಜ ಹೇಳಬೇಕೆಂದರೆ ತೊಳೆದರೆ ರೋಗಾಣು ಹೋಗುವುದಿಲ್ಲ, ಸಿಂಕಿನ ಸುತ್ತ ಸಿಡಿಯುತ್ತದೆ ಅಷ್ಟೇ. ಅದನ್ನು ಕೊಲ್ಲುವುದು ಬೆಂಕಿ. ಎಲುಬಿನ ಚೂರು ಅಂಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮನಸ್ಸು ಒಪ್ಪದಿದ್ದರೆ ಭಾನುವಾರ ತಂದ ಕೂಡಲೇ ಒಂದು ಸಲ ತೊಳೆಯಿರಿ. ಬುಧವಾರ ಬೇಯಿಸುವ ಮುಂಚೆ ಮಾತ್ರ ನೀರು ತೋರಿಸಬೇಡಿ. ಅರಿಶಿನವೂ ಬೇಡ, ಆ ಬಿಸಿಗೆ ಸೀದು ಕಹಿಯಾಗುತ್ತದೆ.

ತಂದ ಮೇಲೆ ಪ್ರತಿ ತುಂಡನ್ನೂ ಶುಚಿಯಾದ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಒಂದು ತಟ್ಟೆಯ ಮೇಲೆ ತಂತಿ ಜಾಳಿಗೆ ಇಟ್ಟು, ಅದರ ಮೇಲೆ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ. ಮೇಲೆ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಫ್ರಿಜ್ಜಿನ ತೀರ ಕೆಳಗಿನ ಹಲಗೆಯಲ್ಲಿ ಇಡಿ. ಮೇಲೆ ಇಟ್ಟರೆ ಹನಿ ಕೆಳಗಿನ ಹಾಲು, ಸೊಪ್ಪಿಗೆ ಬೀಳುತ್ತದೆ. ಗಾಳಿ ಆಡಿದಷ್ಟೂ ಹೊರಮೈ ಒಣಗುತ್ತದೆ. ಬುಧವಾರದ ಹೊತ್ತಿಗೆ ಮುಟ್ಟಿದರೆ ಕೈಗೆ ಪಸೆ ಹತ್ತಬಾರದು, ಕಾಗದದಂತೆ ಅನ್ನಿಸಬೇಕು. ಇದೇ ಹೊರಗಿನ ನೀರಿನ ಲೆಕ್ಕ.

ಉಪ್ಪು ಹಚ್ಚುವುದು ಮಂಗಳವಾರ ರಾತ್ರಿ. ಕಿಲೋ ಖಂಡಕ್ಕೆ 10 ಗ್ರಾಂ, ಅಂದರೆ ಸಣ್ಣ ಚಮಚದಲ್ಲಿ ಒಂದೂವರೆಗಿಂತ ತುಸು ಜಾಸ್ತಿ. ಎಲ್ಲ ಕಡೆ ಸಮನಾಗಿ ಉದುರಿಸಿ. ಹಚ್ಚಿದ ಹತ್ತು ನಿಮಿಷಕ್ಕೆ ಖಂಡದ ಮೇಲೆ ಮುತ್ತಿನಂತೆ ನೀರು ಕೂರುತ್ತದೆ. ಉಪ್ಪು ಒಳಗಿನ ನೀರನ್ನು ಎಳೆದಿದೆ. ಇದನ್ನು ನೋಡಿ ಹೆದರಬೇಡಿ. ಮುಕ್ಕಾಲು ಗಂಟೆ ಕಳೆದರೆ ಅದೇ ಉಪ್ಪುನೀರನ್ನು ಖಂಡ ಮತ್ತೆ ಹೀರಿಕೊಳ್ಳಲು ಶುರು ಮಾಡುತ್ತದೆ. ಒಳಗೆ ಹೋದ ಉಪ್ಪು ಎಳೆಗಳನ್ನು ಸಡಿಲ ಮಾಡಿ, ಬೇಯುವಾಗ ನೀರು ಬಿಡದಂತೆ ಹಿಡಿಯುತ್ತದೆ. ಬೆಳಗಾಗುವಷ್ಟರಲ್ಲಿ ಮೇಲೆ ಮತ್ತೆ ಒಣಗಿರುತ್ತದೆ.

ಮರೆತುಬಿಟ್ಟಿರಾ? ಹಾಗಾದರೆ ಹಂಚಿಗೆ ಹಾಕುವ ಕ್ಷಣದಲ್ಲೇ ಉಪ್ಪು ಹಾಕಿ. ಹತ್ತು-ಇಪ್ಪತ್ತು ನಿಮಿಷ ಮುಂಚೆ ಹಾಕುವುದೇ ಎಲ್ಲಕ್ಕಿಂತ ಕೆಟ್ಟದ್ದು. ಆಗ ನೀರು ಹೊರಗೆ ಬಂದು ಮೇಲೆಯೇ ಕೂತಿರುತ್ತದೆ.

ಹಂಚು ಮತ್ತು ಎಣ್ಣೆ

ದಪ್ಪ ಬೀಡಿನ ಹಂಚು ಬೇಕು. ಅಥವಾ ಭಾರವಾದ ಕಬ್ಬಿಣದ ಹಂಚು. ತಣ್ಣನೆಯ ಖಂಡ ಬಿದ್ದಾಗ ತೆಳ್ಳಗಿನ ತವೆ ಕೂಡಲೇ ಬಿಸಿ ಕಳೆದುಕೊಳ್ಳುತ್ತದೆ. ಬೀಡು ತನ್ನಲ್ಲಿ ಬಿಸಿ ತುಂಬಿಟ್ಟುಕೊಂಡಿರುತ್ತದೆ, ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ನಾನ್‌ಸ್ಟಿಕ್ ಬೇಡವೇ ಬೇಡ. ಖಾಲಿ ಇಟ್ಟು ಜೋರಾಗಿ ಕಾಯಿಸಿದರೆ ಅದರ ಲೇಪ 260 ಡಿಗ್ರಿ ದಾಟಿದ ಮೇಲೆ ಕೆಡಲು ಶುರುವಾಗಿ ಕೆಟ್ಟ ಹೊಗೆ ಬಿಡುತ್ತದೆ.

ಎಷ್ಟೋ ಮನೆಗಳಲ್ಲಿ ರೊಟ್ಟಿ ಹಂಚಿಗೆ ಖಂಡ ಮುಟ್ಟಿಸುವುದಿಲ್ಲ. ನಮ್ಮ ಅವ್ವನೂ ಮುಟ್ಟಿಸಲು ಬಿಡಲಿಲ್ಲ. ನಾನು ಬೇರೆಯದೇ ತಂದೆ. ಅಂಚು ಇರುವ, 26 ಸೆಂಟಿಮೀಟರ್ ಅಗಲದ್ದು. ಅಂಚು ಇದ್ದರೆ ಕೊನೆಯಲ್ಲಿ ಬೆಣ್ಣೆ ಚಮಚದಲ್ಲಿ ಎತ್ತಿ ಹಾಕಲು ಅನುಕೂಲ. ಆದರೆ ಹಂಚು ಕಾಯಿಸುವುದನ್ನು ಮಾತ್ರ ರೊಟ್ಟಿ ಮಾಡುವವರಿಂದಲೇ ಕಲಿಯಬೇಕು. ಅವ್ವ ರೊಟ್ಟಿ ಹಾಕುವ ಮುಂಚೆ ಬೆರಳು ಅದ್ದಿ ನಾಲ್ಕು ಹನಿ ಚಿಮುಕಿಸುತ್ತಾಳೆ. ಹನಿ ಸುಮ್ನೆ ಕೂತು ಕುದ್ದರೆ ಇನ್ನೂ ಕಾದಿಲ್ಲ. ಚುರ್ ಅಂತ ಒಂದೇ ಕ್ಷಣಕ್ಕೆ ಆರಿದರೆ ರೊಟ್ಟಿಗೆ ಸರಿ. ನಮಗೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು. ಹನಿ ಆರದೆ, ಪಾದರಸದ ಗುಂಡಿನಂತೆ ಹಂಚಿನ ತುಂಬ ಓಡಾಡಬೇಕು. ಹನಿಯ ಕೆಳಗೆ ಆವಿಯ ಹಾಸು ಎದ್ದು ಅದು ಹಂಚನ್ನು ಮುಟ್ಟದೆ ಜಾರುತ್ತದೆ. ಆಗ ಹಂಚು ಸುಮಾರು 200 ಡಿಗ್ರಿ ಮುಟ್ಟಿದೆ ಅಂತ ತಿಳಿಯಿರಿ. ಈ ಪರೀಕ್ಷೆಯನ್ನು ಎಣ್ಣೆ ಹಾಕುವ ಮುಂಚೆ ಮಾಡಬೇಕು, ಆಮೇಲೆ ಮಾಡಿದರೆ ಸಿಡಿದು ಕೈ ಸುಡುತ್ತದೆ. ದೊಡ್ಡ ಬರ್ನರಿನ ಮೇಲೆ ಮಧ್ಯಮ ಉರಿಯಲ್ಲಿ ಆರೇಳು ನಿಮಿಷ ಹಿಡಿಯುತ್ತದೆ. ಅವಸರಕ್ಕೆ ಉರಿ ಜೋರು ಮಾಡಿದರೆ ನಡುವೆ ಕಾದು ಅಂಚು ತಣ್ಣಗೇ ಉಳಿಯುತ್ತದೆ.

ಎಣ್ಣೆ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕು ಇದೆ. ಗಾಣದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ರುಚಿಗೆ ಬಹಳ ಚೆನ್ನ, ಆದರೆ ಶುದ್ಧೀಕರಿಸದ ಎಣ್ಣೆ ಬೇಗ ಹೊಗೆ ಬಿಡುತ್ತದೆ. ಗಾಣದ ಶೇಂಗಾ ಎಣ್ಣೆ 160 ಡಿಗ್ರಿ ಆಸುಪಾಸಿನಲ್ಲೇ ಹೊಗೆಯಾಡುತ್ತದೆ. ರಿಫೈಂಡ್ ಶೇಂಗಾ ಎಣ್ಣೆ 230ರ ತನಕ ತಡೆಯುತ್ತದೆ. ಇಲ್ಲಿಗೆ ರಿಫೈಂಡೇ ಸರಿ. ತುಪ್ಪವೂ ತಡೆಯುತ್ತದೆ. ಬೆಣ್ಣೆ ತಡೆಯುವುದಿಲ್ಲ, ಅದರಲ್ಲಿರುವ ಹಾಲಿನ ಅಂಶ ಸೀಯುತ್ತದೆ. ಗಾಣದ ಎಣ್ಣೆಯನ್ನು ಪಕ್ಕದ ಚಟ್ನಿ ಪುಡಿಯ ಮೇಲೆ ಹಾಕಿಕೊಳ್ಳಿ.

ಕಿಟಕಿ ತೆರೆಯಿರಿ. ಹೊಗೆ ಬಂದೇ ಬರುತ್ತದೆ.

ಬೇಯಿಸುವುದು

ಚಾಪ್ಸ್ ಅನ್ನು ಅರ್ಧ ಗಂಟೆ ಮುಂಚೆ ಫ್ರಿಜ್ಜಿನಿಂದ ತೆಗೆದಿಡಿ. ಹಂಚಿಗೆ ಹಾಕುವ ಮುಂಚೆ ಇನ್ನೊಂದು ಸಲ ಒರೆಸಿ. ಎಣ್ಣೆಯನ್ನು ಹಂಚಿಗಿಂತ ಖಂಡಕ್ಕೇ ತೆಳ್ಳಗೆ ಸವರಿದರೆ ಸೀಯುವುದು ಕಮ್ಮಿ.

ಮೊದಲು ಚರಬಿಯ ಅಂಚು. ನಾಲ್ಕು ತುಂಡುಗಳನ್ನು ಪುಸ್ತಕ ನಿಲ್ಲಿಸಿದಂತೆ ಒಂದಕ್ಕೊಂದು ಆನಿಸಿ, ಚರಬಿ ಕೆಳಗೆ ಬರುವಂತೆ ಹಂಚಿನ ಮೇಲೆ ನಿಲ್ಲಿಸಿ. ಚಿಮಟದಲ್ಲಿ ಹಿಡಿದುಕೊಳ್ಳಿ. ಎರಡು ನಿಮಿಷದಲ್ಲಿ ಚರಬಿ ಕರಗಿ ಹಂಚಿನ ತುಂಬ ಹರಡುತ್ತದೆ, ಅಂಚು ಹೊಂಬಣ್ಣಕ್ಕೆ ಬರುತ್ತದೆ. ಕುರಿ ಚರಬಿ ಬೇಯದೆ ಉಳಿದರೆ ಬಾಯಲ್ಲಿ ಮೇಣದಂತೆ ಹತ್ತುತ್ತದೆ. ಈ ಎರಡು ನಿಮಿಷ ಅದಕ್ಕಾಗಿ. ಮೇಲಾಗಿ ಉಳಿದ ಅಡುಗೆ ಆ ಖಂಡದ್ದೇ ಚರಬಿಯಲ್ಲಿ ನಡೆಯುತ್ತದೆ.

ಈಗ ಮಲಗಿಸಿ. ಒಂದು ಸಲಕ್ಕೆ ನಾಲ್ಕೇ ತುಂಡು. ತುಂಡುಗಳ ನಡುವೆ ಎರಡು ಬೆರಳಿನಷ್ಟು ಜಾಗ ಇರಲಿ, ಆವಿ ಮೇಲೆ ಹೋಗಬೇಕು. ಕಿವಿಗೊಟ್ಟು ಕೇಳಿ. ಚುರ್ ಅನ್ನುವ ಸದ್ದು ಎಡೆಬಿಡದೆ ಬರುತ್ತಿರಬೇಕು. ಸದ್ದು ತಗ್ಗಿದರೆ ನೀರು ಸೇರುತ್ತಿದೆ, ಉರಿ ಹೆಚ್ಚಿಸಿ. ಪಟಪಟ ಸಿಡಿದು ನೀಲಿ ಹೊಗೆ ಬಂದರೆ ಉರಿ ತಗ್ಗಿಸಿ.

ಖಂಡಕ್ಕೆ ಕಂದು ಬಣ್ಣ, ಆ ಹುರಿದ ಪರಿಮಳ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಪ್ರೋಟೀನು ಮತ್ತು ಸಕ್ಕರೆ ಅಂಶ ಸೇರಿ ನಡೆಯುವ ಈ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮಿಯ್ ಮಯಾರ್ ವಿವರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಮೇಲೆ ನೀರಿನ ಪಸೆ ಇರುವ ತನಕ ಹೊರಮೈ 100 ಡಿಗ್ರಿ ದಾಟುವುದಿಲ್ಲ, ಬಣ್ಣವೂ ಬರುವುದಿಲ್ಲ. ಮೂರು ದಿನದಿಂದ ಒಣಗಿಸಿದ್ದು ಈ ಗಳಿಗೆಗಾಗಿ.

ಹೊರಗೆ ಜೋರಾಗಿ ಬಾಡಿಸಿದರೆ ರಂಧ್ರಗಳು ಮುಚ್ಚಿ ರಸ ಒಳಗೆ ಉಳಿಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್ ಅವರಿಂದ ಹರಡಿದ ನಂಬಿಕೆ ಅದು. ಆಮೇಲೆ ತೂಕ ಮಾಡಿ ನೋಡಿದವರಿಗೆ ಅದು ಸುಳ್ಳು ಅಂತ ಗೊತ್ತಾಯಿತು. ಹೊರಪದರ ರುಚಿಗಾಗಿ ಮಾತ್ರ. ರಸ ಉಳಿಯುವುದು ಒಳಗಿನ ಬಿಸಿ ಎಷ್ಟಕ್ಕೆ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ. ನಂಬಿಕೆ ಬರದಿದ್ದರೆ ಚೆನ್ನಾಗಿ ಬಾಡಿಸಿದ ಚಾಪ್ಸ್ ಅನ್ನು ತಟ್ಟೆಯಲ್ಲಿಟ್ಟು ನೋಡಿ, ಕೆಳಗೆ ರಸ ಸೇರಿಯೇ ಇರುತ್ತದೆ.

ಮೊದಲ ಮಗ್ಗುಲು ಒಂದೂವರೆ ನಿಮಿಷ ಮುಟ್ಟಬೇಡಿ. ಬಣ್ಣ ಬಂದಿದ್ದರೆ ಖಂಡ ತಾನೇ ಹಂಚು ಬಿಡುತ್ತದೆ. ಅಂಟಿಕೊಂಡಿದ್ದರೆ ಇನ್ನೂ ಆಗಿಲ್ಲ, ಎಳೆಯಬೇಡಿ. ತಿರುವಿ ಇನ್ನೊಂದು ಮಗ್ಗುಲು ಅಷ್ಟೇ ಹೊತ್ತು. ಆಮೇಲೆ ಉರಿ ಮಧ್ಯಮಕ್ಕಿಳಿಸಿ ಪ್ರತಿ ಅರ್ಧ ನಿಮಿಷಕ್ಕೊಮ್ಮೆ ತಿರುವುತ್ತಾ ಇರಿ. ಒಂದೇ ಸಲ ತಿರುವಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪದೇ ಪದೇ ತಿರುವಿದರೆ ಎರಡೂ ಕಡೆಯಿಂದ ಬಿಸಿ ಸಮನಾಗಿ ಇಳಿಯುತ್ತದೆ, ಬೇಗನೂ ಬೇಯುತ್ತದೆ. ರೊಟ್ಟಿಯನ್ನೂ ಹೀಗೇ ತಿರುವಿ ತಿರುವಿ ಬೇಯಿಸುತ್ತೇವಲ್ವಾ? ಸೌಟಿನಿಂದ ಒತ್ತುವುದು ಮಾತ್ರ ಬೇಡ. ಒತ್ತಿದಾಗ ಬರುವ ಚುರ್ ಸದ್ದು ಒಳಗಿನ ರಸ ಹಂಚಿನ ಮೇಲೆ ಹೋಗುತ್ತಿರುವ ಸದ್ದು.

ಯಾವಾಗ ಇಳಿಸಬೇಕು

3 ಸೆಂಟಿಮೀಟರ್ ಚಾಪ್ಸ್‌ಗೆ ಒಟ್ಟು ಏಳರಿಂದ ಒಂಬತ್ತು ನಿಮಿಷ ಹಿಡಿಯುತ್ತದೆ. ಆದರೆ ಗಡಿಯಾರ ನಂಬಬೇಡಿ. ಕೆಲವು ನೂರು ರೂಪಾಯಿಗೆ ಸೂಜಿ ಇರುವ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ನಾನು ಅಡುಗೆಗೆ ಕೊಂಡ ವಸ್ತುಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಸರಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಐಸ್ ನೀರಿನಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರದಿದ್ದರೆ ಗಾಬರಿ ಬೇಡ. ಹುಬ್ಬಳ್ಳಿ-ಧಾರವಾಡ ಸಮುದ್ರ ಮಟ್ಟಕ್ಕಿಂತ ಸುಮಾರು 600-750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತದೆ.

ಸೂಜಿಯನ್ನು ಮಗ್ಗುಲಿನಿಂದ, ತುಂಡಿನ ನಟ್ಟನಡುವೆ ಬರುವಂತೆ, ಎಲುಬಿಗೆ ತಾಗದಂತೆ ಚುಚ್ಚಿ. 60 ಡಿಗ್ರಿ ತೋರಿಸಿದ ಕೂಡಲೇ ಇಳಿಸಿ. ಇಳಿಸಿದ ಮೇಲೂ ಹೊರಗಿನ ಬಿಸಿ ಒಳಗೆ ಹರಿದು ಇನ್ನೂ ಮೂರು-ನಾಲ್ಕು ಡಿಗ್ರಿ ಏರುತ್ತದೆ. 63 ಮುಟ್ಟಿ, ಮೂರು ನಿಮಿಷ ಹಾಗೇ ಇರಬೇಕು. ಇಡೀ ತುಂಡಿನ ಖಂಡಕ್ಕೆ ಸುರಕ್ಷಿತ ಅಂತ ಒಪ್ಪಿಕೊಂಡಿರುವ ಲೆಕ್ಕ ಅದು. ಇಳಿಸಿದ ಮೇಲೆ 63 ಮುಟ್ಟದಿದ್ದರೆ ಮತ್ತೆ ಅರ್ಧ ನಿಮಿಷ ಹಂಚಿಗೆ ಹಾಕಿ. ಈ ಹಂತದಲ್ಲಿ ಒಳಗೆ ತಿಳಿ ಗುಲಾಬಿ ಬಣ್ಣ ಇರುತ್ತದೆ, ರಸ ತುಂಬಿರುತ್ತದೆ. 65 ದಾಟಿದ ಮೇಲೆ ಎಳೆಗಳು ಬಟ್ಟೆ ಹಿಂಡಿದಂತೆ ನೀರು ಹಿಂಡತೊಡಗುತ್ತವೆ. 75ಕ್ಕೆ ಹೋದರೆ ಒಣಗಿದ್ದೇ.

ಗುಲಾಬಿ ಬಣ್ಣ ಕಂಡರೆ ನಮ್ಮವರು "ರಕ್ತ ಐತಿ" ಅಂತ ತಟ್ಟೆ ಸರಿಸುತ್ತಾರೆ. ಅದು ರಕ್ತ ಅಲ್ಲ. ರಕ್ತ ಕಡಿಯುವಾಗಲೇ ಹರಿದು ಹೋಗಿರುತ್ತದೆ. ಖಂಡದೊಳಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಅನ್ನುವ ಪ್ರೋಟೀನು ನೀರಿನ ಜೊತೆ ಸೇರಿ ಆ ಬಣ್ಣ ಕೊಡುತ್ತದೆ. ನಮ್ಮ ಅಪ್ಪನಿಗೆ ಇದನ್ನು ಮೂರು ಸಲ ಹೇಳಿದೆ, ಒಪ್ಪಲಿಲ್ಲ. ಅವರ ತುಂಡನ್ನು 68ರ ತನಕ ಬಿಡುತ್ತೇನೆ. ಗುಲಾಬಿ ಬಣ್ಣ ಹೋಗಿರುತ್ತದೆ, ರಸ ಕಮ್ಮಿಯಾದರೂ ಪೂರ್ತಿ ಹೋಗಿರುವುದಿಲ್ಲ. ಉಪ್ಪು ಹಚ್ಚಿ ಇಟ್ಟದ್ದು ಅಲ್ಲಿ ಕೈ ಹಿಡಿಯುತ್ತದೆ. ಗರ್ಭಿಣಿಯರು, ಸಣ್ಣ ಮಕ್ಕಳು, ವಯಸ್ಸಾದವರು, ಆರೋಗ್ಯ ಸರಿ ಇಲ್ಲದವರಿಗೆ 71 ಡಿಗ್ರಿ ದಾಟಿಸಿಯೇ ಕೊಡಿ. ಅರೆಬೆಂದ ಕುರಿ ಖಂಡದಿಂದ ಟಾಕ್ಸೊಪ್ಲಾಸ್ಮಾ ಅನ್ನುವ ಸೋಂಕು ತಗಲಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ರುಚಿಗಾಗಿ ಇಲ್ಲಿ ರಾಜಿ ಬೇಡ. ಖೀಮಾ ಮಾಡಿದ ಖಂಡಕ್ಕೂ 71ರ ನಿಯಮವೇ, ಯಾಕಂದರೆ ಅರೆದಾಗ ಹೊರಗಿನ ರೋಗಾಣು ಒಳಗೆಲ್ಲ ಬೆರೆತಿರುತ್ತದೆ.

ಬ್ಯಾಡಗಿ ಬೆಣ್ಣೆ

ಮಸಾಲೆ ಎಲ್ಲಿ ಅಂತ ಇಷ್ಟು ಹೊತ್ತು ಕಾಯುತ್ತಿದ್ದವರಿಗೆ ಈಗ. ಖಾರದ ಪುಡಿಯನ್ನು ಮೊದಲೇ ಹಚ್ಚಿದರೆ 200 ಡಿಗ್ರಿ ಹಂಚಿನ ಮೇಲೆ ಅರ್ಧ ನಿಮಿಷಕ್ಕೆ ಕಪ್ಪಾಗಿ ಮನೆಯವರೆಲ್ಲ ಕೆಮ್ಮುತ್ತಾರೆ. ಅದು ಕೊನೆಗೆ ಬರಬೇಕು.

ಒಳಗಿನ ಬಿಸಿ 55 ಮುಟ್ಟಿದಾಗ ಉರಿ ತೀರ ಸಣ್ಣ ಮಾಡಿ. ಹಂಚಿನಲ್ಲಿ ಚರಬಿ ಜಾಸ್ತಿ ಇದ್ದರೆ ಒಂದು ಬಟ್ಟಲಿಗೆ ಬಗ್ಗಿಸಿ. ಎರಡು ದೊಡ್ಡ ಚಮಚ ಬೆಣ್ಣೆ ಹಾಕಿ. ಸಿಪ್ಪೆ ಸಮೇತ ಜಜ್ಜಿದ ಐದಾರು ಎಸಳು ಬಳ್ಳೊಳ್ಳಿ, ಹತ್ತು ಕರಿಬೇವಿನ ಎಲೆ ಹಾಕಿ. ಬೆಣ್ಣೆ ನೊರೆ ಎದ್ದು, ನೊರೆ ಇಳಿಯುವಾಗ ಒಂದು ಸಣ್ಣ ಚಮಚ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿ.

ಇಲ್ಲಿ ಒಂದು ಕ್ಷಣ ನೋಡುತ್ತಾ ನಿಲ್ಲಿ. ಪುಡಿ ಬೆಣ್ಣೆಯನ್ನು ಮುಟ್ಟಿದ ಜಾಗದಲ್ಲಿ ಮೊದಲು ಒಂದು ಕೆಂಪು ಚುಕ್ಕೆ. ಅದರ ಅಂಚಿನಿಂದ ಬಣ್ಣ ಎಳೆ ಎಳೆಯಾಗಿ ಬಿಡುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಬೆಣ್ಣೆ ಪೂರಾ ಮಾಣಿಕ್ಯದ ಬಣ್ಣ. ಈ ಮೆಣಸಿನಕಾಯಿಯ ಕೆಂಪು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಮಾತ್ರ ಕರಗುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಜಾಸ್ತಿ, ಖಾರ ಕಮ್ಮಿ, ಹಾಗಾಗಿ ಖಂಡದ ರುಚಿಯನ್ನು ಮುಚ್ಚುವುದಿಲ್ಲ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಸಿಕ್ಕರೆ ಅದನ್ನೇ ತನ್ನಿ, ಕಡ್ಡಿಗಿಂತ ಅದರಲ್ಲಿ ಬಣ್ಣ ಇನ್ನೂ ಚೆನ್ನ. ಮನೆಯಲ್ಲೇ ಬೆಚ್ಚಗೆ ಮಾಡಿ ಪುಡಿ ಮಾಡಿದ್ದಾದರೆ ಪರಿಮಳ ಬೇರೆಯೇ.

ಹಂಚನ್ನು ನಿಮ್ಮ ಕಡೆ ಸ್ವಲ್ಪ ವಾಲಿಸಿ, ಕೆಂಪು ಬೆಣ್ಣೆಯನ್ನು ಚಮಚದಲ್ಲಿ ಎತ್ತಿ ಎತ್ತಿ ಚಾಪ್ಸ್ ಮೇಲೆ ಹಾಕಿ. ಒಂದು ನಿಮಿಷ, ಎರಡೂ ಮಗ್ಗುಲು. 60 ಮುಟ್ಟಿತಾ? ಇಳಿಸಿ. ಬೆಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿ, ಅದಕ್ಕೆ ಅರ್ಧ ಲಿಂಬಿಹಣ್ಣು ಹಿಂಡಿ ಇಟ್ಟುಕೊಳ್ಳಿ. ಎರಡನೇ ಸಲದ ನಾಲ್ಕು ತುಂಡು ಹಾಕುವ ಮುಂಚೆ ಹಂಚು ಒರೆಸಿ ಮತ್ತೆ ಕಾಯಿಸಬೇಕು. ಹಳೆ ಪುಡಿ ಉಳಿದರೆ ಸೀಯುತ್ತದೆ.

ಐದು ನಿಮಿಷ ಸುಮ್ನೆ ಬಿಡಿ

ಇಳಿಸಿದ ಚಾಪ್ಸ್ ಜಾಳಿಗೆಯ ಮೇಲೆ ಐದು ನಿಮಿಷ ಕೂರಲಿ. ಮುಚ್ಚಬೇಡಿ, ಆವಿಗೆ ಹೊರಪದರ ಮೆತ್ತಗಾಗುತ್ತದೆ. ಬಿಸಿ ಬಿಸಿ ಕೊಯ್ದರೆ ನೀರಿನಂತೆ ತೆಳ್ಳಗಿರುವ ರಸ ತಟ್ಟೆಗೆ ಹರಿಯುತ್ತದೆ. ಸ್ವಲ್ಪ ಆರಿದರೆ ಅದೇ ರಸ ಗಟ್ಟಿಯಾಗಿ ಖಂಡದಲ್ಲೇ ನಿಲ್ಲುತ್ತದೆ. ಆದರೂ ಒಂದಿಷ್ಟು ಕೆಳಗೆ ಸೇರಿರುತ್ತದೆ. ಚೆಲ್ಲಬೇಡಿ, ಕೆಂಪು ಬೆಣ್ಣೆಗೆ ಬೆರೆಸಿ.

ಈ ಐದು ನಿಮಿಷದಲ್ಲಿ ತಟ್ಟೆ ಬಿಸಿ ಮಾಡಿ. ಇದನ್ನು ಯಾರೂ ಹೇಳುವುದಿಲ್ಲ, ಕುರಿ ಖಂಡಕ್ಕೆ ಇದು ಬಹಳ ಮುಖ್ಯ. ಕುರಿ ಚರಬಿ ಬೇರೆ ಕೊಬ್ಬಿಗಿಂತ ಬೇಗ ಹೆಪ್ಪುಗಟ್ಟುತ್ತದೆ. ತಣ್ಣನೆ ಸ್ಟೀಲ್ ತಟ್ಟೆಗೆ ಬಡಿಸಿದರೆ ಎರಡು ತುತ್ತು ಮುಗಿಯುವಷ್ಟರಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಕುದಿ ನೀರು ಹುಯ್ದು, ಚೆಲ್ಲಿ, ಒರೆಸಿ ಬಡಿಸಿ. ಜನವರಿಯ ಧಾರವಾಡದ ಚಳಿಯಲ್ಲಂತೂ ಇದು ಬೇಕೇ ಬೇಕು.

ಪಕ್ಕಕ್ಕೆ ನಮ್ಮ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಎಳೆ ಮೆಂತ್ಯ ಸೊಪ್ಪು. ರೊಟ್ಟಿ ಮುರಿದು ಕೆಂಪು ಬೆಣ್ಣೆಯಲ್ಲಿ ಅದ್ದಿ ತಿನ್ನಬೇಕು. ಬೇಯಿಸಿದ ಆಲೂಗಡ್ಡೆಯನ್ನು ಬಗ್ಗಿಸಿಟ್ಟ ಚರಬಿಯಲ್ಲಿ ಹುರಿದರೂ ಚೆನ್ನಾಗಿರುತ್ತದೆ. ಎಲುಬು ಕೈಯಲ್ಲಿ ಹಿಡಿದೇ ತಿನ್ನಿ, ಎಲುಬಿಗೆ ಹತ್ತಿದ ಖಂಡವೇ ಎಲ್ಲಕ್ಕಿಂತ ರುಚಿ.

ಹಂಚು ಇನ್ನೂ ಬೆಚ್ಚಗಿರುವಾಗಲೇ ಬಿಸಿ ನೀರು ಹುಯ್ದು ತೆಂಗಿನ ನಾರಿನಿಂದ ತಿಕ್ಕಿ. ನೆನೆ ಹಾಕಬೇಡಿ, ತುಕ್ಕು ಹಿಡಿಯುತ್ತದೆ. ಒಲೆಯ ಮೇಲೆ ಪೂರ್ತಿ ಒಣಗಿಸಿ, ಎರಡು ಹನಿ ಎಣ್ಣೆ ಬಟ್ಟೆಯಲ್ಲಿ ಸವರಿ ಇಡಿ. ಉಳಿದ ಎಲುಬುಗಳನ್ನು ಕುಕ್ಕರಿಗೆ ಹಾಕಿ, ಒಂದು ತುಂಡು ಶುಂಠಿ, ನಾಲ್ಕು ಮೆಣಸಿನ ಕಾಳು ಸೇರಿಸಿ ಅರ್ಧ ಗಂಟೆ ಬಿಡಿ. ಗುರುವಾರ ಬೆಳಗಿನ ಸೂಪ್ ತಯಾರಾಗಿರುತ್ತದೆ.